ಟಿನ್ ಫ್ಯಾಕ್ಟರಿಯ ಮದುವೆಗೆ ಐರ್ಲೆಂಡಿನಿಂದ ಆಶೀರ್ವಾದ

ಹೊರಡುವ ಮೊದಲು

ಬರುತ್ತೇನೆಂದು ಮಾತು ಕೊಟ್ಟ ಶಾಸಕಿ ಮದುವೆಗೆ ಬರಲಿಲ್ಲವೆಂದರೆ ನಮ್ಮ ಕಡೆಯ ಜನ ಮೂರೇ ಕಾರಣಗಳನ್ನು ಒಪ್ಪುತ್ತಾರೆ. ಅವಳು ಆಸ್ಪತ್ರೆಯಲ್ಲಿರಬೇಕು, ಜೈಲಿನಲ್ಲಿರಬೇಕು, ಇಲ್ಲವೇ ಇನ್ನೊಂದು ಮದುವೆಯಲ್ಲಿ ಊಟಕ್ಕೆ ಕೂತಿರಬೇಕು. ಐರ್ಲೆಂಡಿಗೆ ಹೋಗಿದ್ದೆ ಅಂದರೆ ಅದು ಕಾರಣವಲ್ಲ, ಕೊಬ್ಬು.

ನನ್ನ ಕ್ಷೇತ್ರ ಬೆಂಗಳೂರಿನ ಪೂರ್ವಕ್ಕೆ, ಹಳೇ ಮದ್ರಾಸ್ ರಸ್ತೆಯ ಎರಡೂ ಬದಿಗೆ ಚಾಚಿಕೊಂಡಿದೆ. ನಾನು ಮೊದಲ ಸಲ ಚುನಾವಣೆಗೆ ನಿಂತಾಗ ನನ್ನ ಹೆಸರು ನನ್ನ ಬೀದಿಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಮನೆಮನೆಯ ಬಾಗಿಲು ತಟ್ಟಿ 'ಇವಳು ನಮ್ಮ ಹುಡುಗಿ' ಎಂದು ಪರಿಚಯ ಮಾಡಿಸಿದವರು ಪಿಳ್ಳಪ್ಪಣ್ಣ. ಕೆ.ಆರ್. ಪುರದ ಹಳೇ ಮನೆತನದವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ, ಆದರೆ ಬೆಳಿಗ್ಗೆ ಎದ್ದು ಹೊಲ ಸುತ್ತಿದ ಹಾಗೆ ಅವುಗಳ ಸುತ್ತ ಒಂದು ಸುತ್ತು ಬರುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಅವರಿಗೆ ಒಬ್ಬಳೇ ಮಗಳು, ಕಾವ್ಯ. ಅವಳ ಮದುವೆ ನಿಶ್ಚಯವಾದಾಗ ಪಿಳ್ಳಪ್ಪಣ್ಣ ಪುರೋಹಿತರ ಹತ್ತಿರ ಹೋಗುವ ಮುಂಚೆ ನನ್ನ ಹತ್ತಿರ ಬಂದರು.

"ನಿಮಗ್ಯಾವತ್ತು ಬಿಡುವು ಹೇಳ್ಬಿಡಿ ತಾಯಿ. ಆಮೇಲೆ ಐನೋರ್ನ ಕೇಳ್ತೀನಿ" ಅಂದರು.

ನಾನು ದಿನ ಹೇಳಿದೆ. ಗ್ರಹಗಳು ನನ್ನ ಡೈರಿಗೆ ಹೊಂದಿಕೊಂಡು ಲಗ್ನ ಕೂಡಿಬಂತು. ಟಿನ್ ಫ್ಯಾಕ್ಟರಿ ಸರ್ಕಲ್ ಹತ್ತಿರದ ಕಲ್ಯಾಣ ಮಂಟಪ ಬುಕ್ ಆಯಿತು. ಅಷ್ಟರಲ್ಲಿ ನಮ್ಮ ಶಾಸಕರ ಅಧ್ಯಯನ ಪ್ರವಾಸ ಹಿಂದಕ್ಕೆ ಮುಂದಕ್ಕೆ ಜಗ್ಗಾಡಿ, ಕೊನೆಗೆ ಸರಿಯಾಗಿ ಅದೇ ವಾರಕ್ಕೆ ಬಂದು ಕೂತಿತು. ಹೇಳಲು ಅವರ ಮನೆಗೆ ಹೋದೆ. ಬೈಯಲಿ ಎಂದು ಕಾದೆ. ಪಿಳ್ಳಪ್ಪಣ್ಣ ಬೈಯಲಿಲ್ಲ. "ಆಗ್ಲಿ ತಾಯಿ, ಹೋಗ್ಬನ್ನಿ" ಎಂದು ಎದ್ದು ಒಳಗೆ ಹೋದರು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಹಾಗಾದರೆ ಯಾಕೆ ಹೋದೆ? ಪ್ರವಾಸದ ಉದ್ದೇಶ, ಅಲ್ಲಿನ ಜನಪ್ರತಿನಿಧಿಗಳು ತಮ್ಮ ವಾರವನ್ನು ರಾಜಧಾನಿಗೂ ಕ್ಷೇತ್ರಕ್ಕೂ ಹೇಗೆ ಹಂಚುತ್ತಾರೆ ಎಂದು ನೋಡುವುದು. ನನ್ನ ಸ್ವಂತ ಉದ್ದೇಶ ಇನ್ನೂ ಚಿಕ್ಕದು: ಮದುವೆ, ತಿಥಿ, ನಾಮಕರಣಗಳಿಗೆ 'ಆಗಲ್ಲ' ಎಂದು ಹೇಳುವುದನ್ನು ಕಲಿಯುವುದು. ನನ್ನ ಪಿ.ಎ. ಸೆಲ್ವ, ಹಲಸೂರಿನವನು, ದಿನಾ ಬೆಳಿಗ್ಗೆ ನನಗೆ ಓದಿ ಹೇಳುವುದು ಹೀಗೆ: "ಅಕ್ಕ, ಇವತ್ತು ಶಿವಾಜಿನಗರದಲ್ಲಿ ಒಂದು ಸಾವು, ವಿಮಾನಪುರದಲ್ಲಿ ಒಂದು ನಾಮಕರಣ, ಇಂದಿರಾನಗರದಲ್ಲಿ ಜಿಮ್ ಓಪನಿಂಗು. ಮಧ್ಯದಲ್ಲಿ ಟೈಮ್ ಇದ್ರೆ ಅಸೆಂಬ್ಲಿ." ನನ್ನ ಕ್ಷೇತ್ರದಲ್ಲಿ ಸಾವಾದರೆ ಶಿವಾಜಿನಗರಕ್ಕೆ ಯಾಕೆ ಎಂದು ಕೇಳಬೇಡಿ. ಸತ್ತವರು ಅಲ್ಲಿರುತ್ತಾರೆ, ಅವರ ನೆಂಟರ ಓಟು ಇಲ್ಲಿರುತ್ತದೆ.

ಡಬ್ಲಿನ್, ಬುಧವಾರ

ನಮ್ಮ ತಂಡದ ಒಬ್ಬೊಬ್ಬರನ್ನೂ ಅಲ್ಲಿನ ಒಬ್ಬೊಬ್ಬ ಸಂಸದರಿಗೆ ಗಂಟು ಹಾಕಿದರು. ನನಗೆ ಸಿಕ್ಕವರು ಡೋನಲ್. ನನಗಿಂತ ಎರಡು ಗೇಣು ಎತ್ತರ, ಕೆಂಪು ಕೆನ್ನೆ, ವಯಸ್ಸು ಅರವತ್ತರ ಆಸುಪಾಸು. ಅವರ ಇಂಗ್ಲಿಷು ನಮ್ಮ ಬಸ್ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವ ವೇಗದ್ದು. ಮೊದಲ ದಿನ ಅರ್ಧ ತಿಳಿಯಿತು, ಉಳಿದರ್ಧಕ್ಕೆ ತಲೆಯಾಡಿಸಿದೆ. ರಾಜಕಾರಣದಲ್ಲಿ ಇದ್ದವರಿಗೆ ಇದೇನು ಕಷ್ಟವಲ್ಲ.

"ವಾರದಲ್ಲಿ ಕಾನೂನು ಮಾಡೋ ಕೆಲಸ ಯಾವಾಗ ಮಾಡ್ತೀರಿ?" ಎಂದು ಗಂಭೀರವಾಗಿ ಕೇಳಿದೆ.

ಡೋನಲ್ ಅಷ್ಟೇ ಗಂಭೀರವಾಗಿ ಯೋಚಿಸಿ, "ಫೋನ್ ಚಾರ್ಜ್ ಮುಗಿದಾಗ" ಅಂದರು.

ಅವರ ಸಂಸತ್ತಿನ ಕ್ಯಾಂಟೀನಿನಲ್ಲಿ ಸೂಪು ಕುಡಿಯುತ್ತಾ ಕೂತಿದ್ದಾಗ ಗಂಟೆ ಹೊಡೆಯತೊಡಗಿತು. ಮತದಾನವಿದ್ದಾಗ ಹಾಗೆ ಕಟ್ಟಡದ ಮೂಲೆಮೂಲೆಯಲ್ಲೂ ಗಂಟೆ ಹೊಡೆಯುತ್ತದೆಯಂತೆ. ಸುತ್ತಲಿದ್ದವರೆಲ್ಲ ಚಮಚ ಬಿಟ್ಟು ಎದ್ದು ಓಡಿದರು. ನಾನೂ ಎದ್ದು ಓಡಿದೆ! ಯೋಚನೆ ಮಾಡಿ ಓಡಿದ್ದಲ್ಲ. ವಿಧಾನಸೌಧದಲ್ಲಿ ಕೋರಂ ಗಂಟೆ ಕೇಳಿ ಕೇಳಿ ಕಾಲಿಗೆ ಅಭ್ಯಾಸವಾಗಿಬಿಟ್ಟಿದೆ. ಸೀರೆಯ ನೆರಿಗೆ ಹಿಡಿದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಸಭಾಂಗಣದ ಬಾಗಿಲು ತಲುಪಿದ ಮೇಲೆ ಅಲ್ಲಿನ ಸಿಬ್ಬಂದಿಯೊಬ್ಬರು ಬಹಳ ಮರ್ಯಾದೆಯಿಂದ ಅಡ್ಡ ನಿಂತರು.

"ಮೇಡಂ, ತಾವು ಯಾವ ಕ್ಷೇತ್ರ?"

ನಾನು ಕ್ಷೇತ್ರದ ಹೆಸರು ಹೇಳಿದೆ. ಆತ ಒಂದು ಕ್ಷಣ ಕಣ್ಣು ಮುಚ್ಚಿ ತಮ್ಮ ದೇಶವನ್ನೆಲ್ಲ ಮನಸ್ಸಿನಲ್ಲಿ ಹುಡುಕಿ, "ಅದು ನಮ್ಮಲ್ಲಿ ಇಲ್ಲ ಅನಿಸುತ್ತದೆ" ಎಂದು ವಿನಯದಿಂದ ತಿಳಿಸಿದರು.

ಆಮೇಲೆ ನನ್ನನ್ನು ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಮತದಾನ ಮುಗಿದದ್ದೇ ಸದಸ್ಯರೆಲ್ಲ ಮಾಯ. ಒಬ್ಬ ಸದಸ್ಯೆ ಎದ್ದು ನಿಂತು ಆಸ್ಪತ್ರೆಗಳ ಬಗ್ಗೆ ಕಣ್ಣೀರು ಬರುವ ಹಾಗೆ ಮಾತಾಡುತ್ತಿದ್ದರು. ಎದುರಿಗೆ ಖಾಲಿ ಬೆಂಚುಗಳು, ಅವುಗಳ ನಡುವೆ ಒಬ್ಬರು ಮೊಬೈಲ್ ನೋಡುತ್ತಿದ್ದರು, ಇನ್ನೊಬ್ಬರು ತೂಕಡಿಸುತ್ತಿದ್ದರು. ಪರದೇಶಕ್ಕೆ ಬಂದಮೇಲೆ ಮೊದಲ ಸಲ ನನಗೆ ಮನೆಯ ನೆನಪಾಯಿತು.

ಸಂಜೆ ಸೆಲ್ವನಿಗೆ ಫೋನ್ ಮಾಡಿದೆ.

"ಅಕ್ಕ, ಮಂಟಪದ ಮುಂದೆ ಫ್ಲೆಕ್ಸ್ ಹಾಕ್ಬಿಟ್ರು. ನಿಮ್ ಫೋಟೋ ಇಲ್ಲ" ಅಂದ.

"ಮತ್ಯಾರ್ದು ಇದೆ?"

"ಹೋದ್ ಸಲ ನಿಮ್ ಮೇಲೆ ಸೋತ್ರಲ್ಲ, ಅವ್ರ್ದು."

"ಎಷ್ಟು ದೊಡ್ದು?"

"ಮದುಮಗನಿಗಿಂತ ದೊಡ್ದು ಅಕ್ಕ."

ಓಟಿನ ಭಯ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಪಿಳ್ಳಪ್ಪಣ್ಣ ಮುನಿದರೆ ಅವರ ಕೇರಿಯೇ ಮುನಿಯುತ್ತದೆ. ಆದರೆ ನನಗೆ ನೋವಾದದ್ದು ಅದಕ್ಕಲ್ಲ. 'ನಮ್ಮ ಹುಡುಗಿ' ಎಂದು ಕರೆದ ಮನುಷ್ಯ ನನ್ನನ್ನು ಆ ಮಾತಿನಿಂದ ಹೊರಗೆ ಹಾಕಿಬಿಟ್ಟರಲ್ಲ ಎಂದು.

ರೈಲಿನಲ್ಲಿ, ಗುರುವಾರ

ಅಲ್ಲಿನ ಸಂಸದರು ವಾರದ ನಡುವಿನ ದಿನಗಳನ್ನು ರಾಜಧಾನಿಯಲ್ಲಿ ಕಳೆದು ಗುರುವಾರ ಸಂಜೆ ಊರಿನ ರೈಲು ಹತ್ತುತ್ತಾರೆ. ಡೋನಲ್ ಅವರ ಊರು ಪಶ್ಚಿಮದ ಕಡಲ ಬದಿ. ಅಂದರೆ ದೇಶದ ಈ ತುದಿಯಿಂದ ಆ ತುದಿಗೆ ಹೋಗಬೇಕು. ಕಿಟಕಿಯ ಹೊರಗೆ ಹಸಿರು, ಕುರಿ, ಕಲ್ಲಿನ ಬೇಲಿ, ಮತ್ತೆ ಕುರಿ.

"ದೂರ ಅಂತ ಬೇಜಾರಾಗಬೇಡಿ" ಎಂದು ಡೋನಲ್ ಸಮಾಧಾನ ಹೇಳಿದರು.

ನಾನು ಗಡಿಯಾರ ನೋಡಿದೆ. ಮಳೆ ಬಂದ ಸಂಜೆ ವಿಧಾನಸೌಧ ಬಿಟ್ಟು, ಶಿವಾಜಿನಗರದ ಕಿಷ್ಕಿಂಧೆ ದಾಟಿ, ಹಲಸೂರು ಕೆರೆಯ ಪಕ್ಕ ತೆವಳಿ, ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ದೇವರಿಗೆ ಹರಕೆ ಹೊತ್ತು ಕೆ.ಆರ್. ಪುರ ಸೇರುವ ಹೊತ್ತಿಗೆ ಇವರು ಒಂದು ದೇಶವನ್ನೇ ದಾಟಿ, ಟೀ ಕುಡಿದು, ಚಪ್ಪಲಿ ಬದಲಾಯಿಸಿರುತ್ತಾರೆ. ಇದನ್ನು ಹೇಳಿದರೆ ಡೋನಲ್ ನಂಬಲಿಲ್ಲ. ಒಂದೇ ಊರು, ಒಂದೇ ರಸ್ತೆ ಎಂದರೂ ನಂಬಲಿಲ್ಲ. ಮಧ್ಯದಲ್ಲಿ ಯಾವುದಾದರೂ ಬೆಟ್ಟವಿದೆಯೇ ಎಂದು ಕೇಳಿದರು.

ರೈಲಿನಲ್ಲೂ ಜನ ಬಿಡಲಿಲ್ಲ. ಒಬ್ಬ ಹೆಂಗಸು ಬಂದು ಮನೆಯ ಹಿಂದಿನ ಶೌಚದ ಗುಂಡಿ ತುಂಬಿದ ಕಥೆಯನ್ನು ನಾನು ಬಿಸ್ಕತ್ತು ತಿನ್ನುವಾಗಲೇ ವಿವರವಾಗಿ ಹೇಳಿದಳು. ಡೋನಲ್ ಎಲ್ಲ ಕೇಳಿ, "ನನಗೆ ಬಿಟ್ಟುಬಿಡಿ" ಅಂದರು. ಆಕೆ ಸಮಾಧಾನದಿಂದ ಹೋದಳು. ನಮ್ಮ 'ನೋಡೋಣ ಬಿಡಿ'ಯ ಖಾಸಾ ತಮ್ಮ ಇದು. ಮಾಡುತ್ತೇನೆ ಎಂದೂ ಅಲ್ಲ, ಮಾಡುವುದಿಲ್ಲ ಎಂದೂ ಅಲ್ಲ.

ಸಮಯ ನೋಡಿ ನನ್ನ ಮುಖ್ಯ ಪ್ರಶ್ನೆ ಕೇಳಿದೆ. "ಸಾವಿಗೆ, ಮದುವೆಗೆ ಬರಲ್ಲ ಅಂತ ಹೇಗೆ ಹೇಳ್ತೀರಿ?"

ಡೋನಲ್ ಹೌಹಾರಿದರು. "ಮದುವೆ ಬಿಡಬಹುದು, ಅಲ್ಲಿ ಎಲ್ಲರೂ ಕುಡಿದಿರ್ತಾರೆ, ಯಾರು ಬಂದ್ರು ಅಂತ ನೆನಪಿರಲ್ಲ. ಸಾವು ಮಾತ್ರ ಬಿಡಬಾರದು. ಒಂದು ಸಲ ಸಂಸತ್ತಿನಲ್ಲಿ ದನಗಳ ಕಾಯಿಲೆ ಬಗ್ಗೆ ಭಾಷಣ ಇತ್ತು, ಒಂದು ಸಾವು ತಪ್ಪಿಸಿದೆ. ಈಗಲೂ ಪ್ರತಿ ಚುನಾವಣೆಯಲ್ಲಿ ಆ ಮನೆಯವರು ಬಾಗಿಲು ತೆಗೆದು, ನಿಮ್ಮ ದನದ ಭಾಷಣ ಬಹಳ ಚೆನ್ನಾಗಿತ್ತು ಅಂತ ಹೇಳಿ ಬಾಗಿಲು ಹಾಕ್ಕೊಳ್ತಾರೆ."

ಇಷ್ಟು ದೂರ ಬಂದು ನಾನು ಕಲಿಯಬೇಕಾಗಿದ್ದ ವಿದ್ಯೆ ಇವರಿಗೇ ಬರುವುದಿಲ್ಲ. ಗಂಗೆಗೆ ಹೋದರೂ ಕೊಡಕ್ಕೆ ಹಿಡಿಯುವಷ್ಟೇ ನೀರು ಎನ್ನುತ್ತಾರೆ, ಇಲ್ಲಿ ಕೊಡವೇ ತೂತು.

ಹೋಟೆಲಿನ ಹಿಂದಿನ ಕೋಣೆ, ಶುಕ್ರವಾರ

ಡೋನಲ್ ಅವರ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸಾವಿನ ಮನೆಗೆಂದು ಸದಾ ಒಂದು ಕಪ್ಪು ಟೈ ಇರುತ್ತದೆ. ಬೆಳಿಗ್ಗೆ ಕಾರು ಹತ್ತಿದ ಕೂಡಲೇ ರೇಡಿಯೋ ಹಾಕಿದರು. ಸ್ಥಳೀಯ ರೇಡಿಯೋದಲ್ಲಿ ಯಾರು ಸತ್ತರು, ಯಾವ ಊರು, ಅಂತಿಮ ದರ್ಶನ ಎಷ್ಟು ಹೊತ್ತಿಗೆ ಎಂದು ಹವಾಮಾನ ವರದಿ ಓದಿದ ಹಾಗೆ ಓದುತ್ತಾರೆ! ನಮ್ಮಲ್ಲಿ ಸೆಲ್ವ ಒಬ್ಬನೇ ವಾಟ್ಸಾಪ್ ಗ್ರೂಪುಗಳಲ್ಲಿ ಕೈ ಮುಗಿದ ಚಿತ್ರಗಳನ್ನು ನೋಡಿ ನೋಡಿ ಕಷ್ಟಪಟ್ಟು ಮಾಡುವ ಕೆಲಸವನ್ನು ಇಲ್ಲಿ ಆಕಾಶವಾಣಿಯೇ ಮಾಡಿಕೊಡುತ್ತದೆ. "ಮಿಕ್ ಹೋದ, ನಾಳೆ ಮಧ್ಯಾಹ್ನ ದರ್ಶನ, ಹೋಗಬೇಕು" ಎಂದು ಡೋನಲ್ ತಮ್ಮಷ್ಟಕ್ಕೆ ಹೇಳಿಕೊಂಡರು.

ಶುಕ್ರವಾರ ಅವರ ಜನತಾದರ್ಶನ. ಒಂದು ಹೋಟೆಲಿನ ಹಿಂದಿನ ಕೋಣೆ, ಒಂದು ಮೇಜು, ಹೊರಗೆ ಬೆಂಚಿನ ಮೇಲೆ ಜನ. ನನಗೂ ಪಕ್ಕದಲ್ಲಿ ಕುರ್ಚಿ ಹಾಕಿದರು. ಟೀ ಬೇಕೇ ಎಂದು ಕೇಳಿದರು, ಬೇಡ ಅಂದೆ. ಟೀ ಬಂತು. ಮತ್ತೆ ಕೇಳಿದರು, ಖಂಡಿತ ಬೇಡ ಅಂದೆ. ಟೀ ಜೊತೆಗೆ ಕೇಕು ಬಂತು. ನಮ್ಮ ಅತ್ತೆ ಮನೆಯ ಕಡೆಯವರ ಉಪಚಾರಕ್ಕೆ ಸಮನಾದ ಹಿಂಸೆಯನ್ನು ನಾನು ಅಲ್ಲಿ ಮಾತ್ರ ಕಂಡೆ.

ಮೊದಲು ಬಂದವನು ಬೀದಿದೀಪದ ಬಗ್ಗೆ ದೂರಿದ. ದೀಪ ಇಲ್ಲವೆಂದಲ್ಲ. ಇದೆಯಂತೆ, ಬಹಳ ಚೆನ್ನಾಗಿ ಉರಿಯುತ್ತದಂತೆ, ಅದರ ಬೆಳಕಿಗೆ ಅವನ ಹಸು ನಿದ್ದೆ ಮಾಡುತ್ತಿಲ್ಲವಂತೆ. 'ಆ ದೀಪ ನಮಗೆ ಕೊಡಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಎರಡನೆಯವನು ರಸ್ತೆ ಗುಂಡಿಯ ದೂರು ತಂದಿದ್ದ. ಸಾಕ್ಷಿಗೆ ಫೋನಿನಲ್ಲಿ ಫೋಟೋ. ಗುಂಡಿಯಲ್ಲಿ ಸ್ವಲ್ಪ ನೀರು, ನೀರಿನಲ್ಲಿ ಒಂದು ಬಾತುಕೋಳಿ. "ನೋಡಿ, ಬಾತುಕೋಳಿ ಈಜ್ತಾ ಇದೆ! ಇದು ರಸ್ತೆನಾ?" ಎಂದು ಮೇಜು ಕುಟ್ಟಿದ. ಡೋನಲ್ ತಲೆ ತಗ್ಗಿಸಿದರು.

ನನಗೆ ಯಾಕೋ ಸುಮ್ಮನಿರಲಾಗಲಿಲ್ಲ. ನನ್ನ ಫೋನು ತೆಗೆದು ಮಹದೇವಪುರದ ಕಡೆಯ ಹೋದ ಮಳೆಗಾಲದ ಫೋಟೋಗಳನ್ನು ತೋರಿಸಿದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಬ್ಬರ್ ದೋಣಿ. ಲ್ಯಾಪ್‌ಟಾಪ್ ಬ್ಯಾಗು ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೊರಟವರು. ಮುಳುಗಿದ ಕಾರುಗಳ ಸಾಲು, ಅವುಗಳ ಬರೀ ತಲೆ. ಆತ ಒಂದೊಂದನ್ನೇ ಸರಿಸಿ ನೋಡಿದ. ಅವನ ಮುಖದ ಕೆಂಪು ಇಳಿಯಿತು.

"ಇದು ನದಿಯಾ?" ಎಂದು ಕೇಳಿದ.

"ಇಲ್ಲ, ಮೇನ್ ರೋಡು."

ಆತ ತನ್ನ ಬಾತುಕೋಳಿಯ ಫೋಟೋ ಮುಚ್ಚಿಟ್ಟು, ನನ್ನ ಕೈ ಕುಲುಕಿ, ದೂರು ಹಿಂತೆಗೆದುಕೊಂಡು ಹೋದ. ಡೋನಲ್ ನನ್ನನ್ನು ದೇವರನ್ನು ಕಂಡ ಹಾಗೆ ನೋಡಿದರು. ಪ್ರತಿ ಶುಕ್ರವಾರ ಬರಲಾಗುತ್ತದೆಯೇ ಎಂದು ಕೇಳಿದರು. ಹೆಮ್ಮೆ ಪಡುವ ವಿಷಯವಲ್ಲ ಎಂದು ಗೊತ್ತಿದ್ದರೂ ಆ ಹೊತ್ತಿಗೆ ಪಟ್ಟೆ.

ಸಾವಿನ ಮನೆ, ಶನಿವಾರ

ಶನಿವಾರ ಕಾವ್ಯಳ ಆರತಕ್ಷತೆ, ಭಾನುವಾರ ಮುಹೂರ್ತ. ನಮ್ಮಲ್ಲಿ ಸಂಜೆಯಾಗುವಾಗ ಅಲ್ಲಿ ಮಧ್ಯಾಹ್ನ. ಸಾವಿನ ದರ್ಶನ ಮುಗಿಸಿ, ಹೋಟೆಲಿಗೆ ಬಂದು ತಲೆಗೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಸೆಲ್ವನ ಫೋನಿನಿಂದ ವಿಡಿಯೋ ಕಾಲ್ ಮಾಡಿಸಿ ಹೇಗಾದರೂ ಪಿಳ್ಳಪ್ಪಣ್ಣನ ಎದುರು ಬೀಳಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಹೊಸಿಲು ತುಳಿಯುವಂತಿಲ್ಲ ಎಂದು ಬೆಳೆದವಳು ನಾನು. ಅಲ್ಲಿಂದಲೇ ಮದುವೆ ಮನೆಗೆ ಮಾತಾಡುವುದಂತೂ ಕನಸಿನಲ್ಲೂ ಇಲ್ಲ.

ಮಿಕ್ ಅವರ ಮನೆ ಗುಡ್ಡದ ಬದಿಯ ಒಂದು ಸಣ್ಣ ಮನೆ. ಅಂಗಳದಲ್ಲಿ ಜನ, ಕಾರು, ಸಿಗರೇಟಿನ ಹೊಗೆ, ಮಾತು, ನಗುವೂ. ಬಾಗಿಲಲ್ಲೇ ಯಾರೋ ಡೋನಲ್ ಅವರ ಕೈ ಹಿಡಿದು ಪಿಂಚಣಿ ವಿಷಯ ಶುರುಮಾಡಿದರು. ನಾನು ಒಳಗೆ ಹೋದೆ.

ಮುಂದಿನ ಕೋಣೆಯಲ್ಲಿ ಹೂವಿನ ನಡುವೆ ಶವಪೆಟ್ಟಿಗೆ. ಅದರ ಪಕ್ಕ ಗೋಡೆಗೆ ಆನಿಸಿ ಒಂದು ಸಾಲು ಕುರ್ಚಿ. ಅದರಲ್ಲೊಂದು ಖಾಲಿ. ನಮ್ಮ ಕಡೆ ಯಾವ ಸಾವಿಗೆ ಹೋಗಲಿ, ಯಾವ ಮದುವೆಗೆ ಹೋಗಲಿ, 'ಅಕ್ಕ ಬಂದ್ರು, ಜಾಗ ಬಿಡಿ' ಎಂದು ಯಾರೋ ಒಬ್ಬರು ಎದ್ದು ಮುಂದಿನ ಕುರ್ಚಿ ಬಿಟ್ಟುಕೊಡುತ್ತಾರೆ. ಮುಂದಿನ ಸಾಲಿನ ಖಾಲಿ ಕುರ್ಚಿ ನನಗಲ್ಲದೆ ಬೇರೆ ಯಾರಿಗಾದರೂ ಇರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಪೆಟ್ಟಿಗೆಗೆ ಕೈ ಮುಗಿದು ಹೋಗಿ ಕೂತುಬಿಟ್ಟೆ.

ಪಕ್ಕದಲ್ಲಿದ್ದ ಮುದುಕಿ ನನ್ನ ಕೈ ಹಿಡಿದುಕೊಂಡಳು. ದಪ್ಪ ಕನ್ನಡಕ, ನಡುಗುವ ಬೆರಳು. ಮಿಕ್ ಅವರ ಅಕ್ಕ ನೋರಾ ಎಂದು ಆಮೇಲೆ ತಿಳಿಯಿತು. "ಜಿನ್ಸಿ, ಬಂದೆಯಾ ಮಗಳೇ. ಅವನನ್ನ ಎಷ್ಟು ಚೆನ್ನಾಗಿ ನೋಡಿಕೊಂಡೆ" ಅಂದಳು. ಯಾರು ಜಿನ್ಸಿ ಎಂದು ಕೇಳುವಷ್ಟರಲ್ಲಿ ಬಾಗಿಲಿನಿಂದ ಸಾಲು ಶುರುವಾಯಿತು. ಒಬ್ಬೊಬ್ಬರೂ ಬಂದು, ತಲೆ ಬಾಗಿಸಿ, ನೋರಾಳ ಕೈ ಹಿಡಿದು, ಆಮೇಲೆ ನನ್ನ ಕೈ ಹಿಡಿದು, 'ನಿಮ್ಮ ದುಃಖದಲ್ಲಿ ನಾವಿದ್ದೇವೆ' ಎನ್ನುವ ಒಂದೇ ಮಾತು ಹೇಳಿ ಮುಂದೆ ಹೋಗುತ್ತಿದ್ದರು.

ನನಗೆ ಆಗ ಜ್ಞಾನೋದಯವಾಯಿತು. ಅದು ಗಣ್ಯರ ಸಾಲಲ್ಲ, ರಕ್ತಸಂಬಂಧಿಗಳ ಸಾಲು. ಎದ್ದು ಹೋಗೋಣವೆಂದರೆ ನೋರಾ ಕೈ ಬಿಡಲೊಲ್ಲಳು. ಎದುರಿಗೆ ಜನ ಬಾಗಿಲು ತುಂಬಿ ನಿಂತಿದ್ದಾರೆ. ಡೋನಲ್ ಬಾಗಿಲ ಸಂದಿಯಲ್ಲಿ ಕಾಣಿಸಿದರು. ನನ್ನನ್ನು ಆ ಜಾಗದಲ್ಲಿ ನೋಡಿ ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಸಾಲಿನಲ್ಲಿ ಬಂದು, ಬೇರೆ ದಾರಿಯಿಲ್ಲದೆ, ನನ್ನ ಕೈ ಹಿಡಿದು ಅವರೂ ಸಂತಾಪ ಹೇಳಿ ಮುಂದೆ ಹೋದರು.

ಸ್ವಲ್ಪ ಹೊತ್ತಿಗೆ ನಿಜವಾದ ಜಿನ್ಸಿ ಬಂದಳು. ಕೇರಳದ ಹುಡುಗಿ, ಮಿಕ್ ಅವರನ್ನು ಕೊನೆಗಾಲದಲ್ಲಿ ನೋಡಿಕೊಂಡ ನರ್ಸು. ತನ್ನ ಕುರ್ಚಿಯಲ್ಲಿ ಸೀರೆ ಉಟ್ಟ ಹೆಂಗಸು ಕೂತು ಸಾಂತ್ವನ ಸ್ವೀಕರಿಸುತ್ತಿರುವುದನ್ನು ನೋಡಿ ಬೆಚ್ಚಿದಳು. ಪಿಸುಮಾತಿನಲ್ಲಿ ನಾನು ಬೆಂಗಳೂರಿನ ಶಾಸಕಿ ಎಂದು ಹೇಳಿ, ಕ್ಷೇತ್ರದ ಹೆಸರೂ ಹೇಳಿದೆ. ಅವಳ ಕಣ್ಣು ಅರಳಿತು.

"ಅಯ್ಯೋ ಮೇಡಂ! ನಾನು ನರ್ಸಿಂಗ್ ಓದಿದ್ದು ನಿಮ್ ಏರಿಯಾದಲ್ಲೇ. ನಮ್ ಹಾಸ್ಟೆಲ್ ಹಿಂದೆ ಒಂದು ರೋಡ್ ಇತ್ತಲ್ಲ, ಅದು ಇನ್ನೂ ಹಾಗೇ ಇದೆಯಾ?"

"ಟೆಂಡರ್ ಆಗಿದೆ" ಅಂದೆ. ಶವದ ಪಕ್ಕದಲ್ಲಿ ಕೂತು, ಯೋಚಿಸದೆ.

ಜಿನ್ಸಿ ನೋರಾಳ ಕಿವಿಯಲ್ಲಿ ನಾನು ಯಾರೆಂದು ಹೇಳಿದಳು. ನೋರಾ ಕನ್ನಡಕ ಸರಿಮಾಡಿಕೊಂಡು ನನ್ನನ್ನೂ ಅವಳನ್ನೂ ನೋಡಿದಳು. "ಕೂತಾಯಿತಲ್ಲ, ಕೂತಿರಲಿ ಬಿಡು" ಅಂದಳು. ಜಿನ್ಸಿ ಪಕ್ಕದಲ್ಲಿ ನಿಂತುಕೊಂಡಳು. ಸಾಲು ಮುಂದುವರಿಯಿತು.

ಆಗ ನನ್ನ ಚೀಲದಲ್ಲಿ ಫೋನು ಗುರ್ರೆಂದಿತು. ಸೆಲ್ವನ ವಿಡಿಯೋ ಕಾಲ್. ಕತ್ತರಿಸಿದೆ. ಮೆಸೇಜು ಬಂತು: 'ಅಕ್ಕ, ನೀವು ಆಶೀರ್ವಾದ ಮಾಡೋ ತನಕ ಕೇಕ್ ಕಟ್ ಮಾಡಲ್ಲ ಅಂತ ಕಾವ್ಯ ಹಠ. ಪಿಳ್ಳಪ್ಪಣ್ಣ ಒಂದೇ ಒಂದ್ ಸಲ ಮಾಡು ಅಂದವ್ರೆ. ಎತ್ತಿ. ಎತ್ತಿಲ್ಲಾಂದ್ರೆ ಮುಗೀತು.' ಫೋನು ಮತ್ತೆ ಗುರ್ರೆಂದಿತು.

ಮೈಯೆಲ್ಲ ಬೆವರಿತು. ಎತ್ತಿದರೆ ಮದುವೆ ಮನೆಗೆ ಸಾವಿನ ಮನೆ ತೋರಿಸಿದ ಹಾಗೆ. ಎತ್ತದಿದ್ದರೆ ಪಿಳ್ಳಪ್ಪಣ್ಣನನ್ನು ಕಳೆದುಕೊಂಡ ಹಾಗೆ.

"ಯಾರದು?" ನೋರಾ ಕೇಳಿದಳು.

"ನಮ್ಮೂರಲ್ಲಿ ಮದುವೆ. ಇಲ್ಲಿಂದ ಮಾತಾಡಬಾರದು. ನಮ್ಮಲ್ಲಿ ಅದು ಒಳ್ಳೇದಲ್ಲ" ಅಂದೆ.

"ಮದುವೆಯಾ?" ನೋರಾ ನೆಟ್ಟಗೆ ಕೂತಳು. "ಎತ್ತು."

ಜಿನ್ಸಿ ಫೋನು ಕಸಿದುಕೊಂಡಳು. "ಹೂವು ಮಾತ್ರ ಕಾಣೋ ಹಾಗೆ ಹಿಡೀತೀನಿ ಮೇಡಂ, ಪೆಟ್ಟಿಗೆ ಬರಲ್ಲ" ಎಂದು ಓರೆಯಾಗಿ ಹಿಡಿದು ಬಟನ್ ಒತ್ತಿಯೇಬಿಟ್ಟಳು.

ಸೆಲ್ವನ ಮುಖ, ಅವನ ಹಿಂದೆ ದೀಪಗಳ ಮಂಟಪ, ವೇದಿಕೆಯ ಮೇಲೆ ಕಾವ್ಯ ಮತ್ತು ಗಂಡು. ಸೆಲ್ವ ಮಾಡಬಾರದ ಒಂದು ಕೆಲಸ ಮಾಡಿದ್ದ. ತನ್ನ ಫೋನನ್ನು ವೇದಿಕೆಯ ಹಿಂದಿನ ದೊಡ್ಡ ಎಲ್‌ಇಡಿ ಪರದೆಗೆ ಜೋಡಿಸಿಬಿಟ್ಟಿದ್ದ. ಗೋಡೆಯಷ್ಟು ದೊಡ್ಡ ನನ್ನ ಬೆವರಿದ ಮುಖವನ್ನು ನಾನೇ ಆ ಪುಟ್ಟ ಫೋನಿನಲ್ಲಿ ಕಂಡೆ. ಮಂಟಪ ತುಂಬಾ ಜನ. ಇತ್ತ ನನ್ನ ಸಾಲು ನಿಲ್ಲಲಿಲ್ಲ. ಕಪ್ಪು ಸೂಟಿನವರು ಒಬ್ಬರಾದ ಮೇಲೆ ಒಬ್ಬರು ಬಂದು, ತಲೆ ಬಾಗಿಸಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಭಕ್ತಿಯಿಂದ ಕುಲುಕಿ ಹೋಗುತ್ತಿದ್ದರು.

ಟಿನ್ ಫ್ಯಾಕ್ಟರಿಯಲ್ಲಿ ಯಾರೋ ಶಿಳ್ಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು.

ಪಿಳ್ಳಪ್ಪಣ್ಣನ ಮುಖ ಫೋನಿಗೆ ಅಂಟಿಕೊಂಡಿತು. "ತಾಯಿ, ಅವ್ರೆಲ್ಲಾ ಯಾರು?"

"ಇಲ್ಲಿನ ಜನ ಅಣ್ಣ."

"ಅಲ್ಲೂ ಕ್ಯೂ ನಿಂತವ್ರಾ?"

"ನಿಂತವ್ರೆ ಅಣ್ಣ" ಅಂದೆ. ಇದು ಸುಳ್ಳಲ್ಲ.

ಸಾಲಿನಲ್ಲಿದ್ದ ಒಬ್ಬ ಮುದುಕ, ಟೋಪಿ ಕೈಯಲ್ಲಿ ಹಿಡಿದವನು, ಫೋನಿನಲ್ಲಿ ಇನ್ನಷ್ಟು ಜನ ಇರುವುದನ್ನು ಕಂಡ. ಅವರೂ ಮನೆಯವರೇ ಇರಬೇಕು ಎಂದುಕೊಂಡು ಬಗ್ಗಿ, ಜರಿ ಸೀರೆ ಉಟ್ಟ ಕಾವ್ಯಳ ಮುಖ ನೋಡಿ, ಅದೇ ಸಂತಾಪದ ಮಾತನ್ನು ಮನಸಾರೆ ಹೇಳಿದ. ಕಾವ್ಯ ಕೈ ಮುಗಿದಳು. ಮಂಟಪವೇ ಕೈ ಮುಗಿಯಿತು.

"ಏನಂದ್ರು ತಾಯಿ?" ಎಂದರು ಪಿಳ್ಳಪ್ಪಣ್ಣ.

"ನೂರು ಕಾಲ ಚೆನ್ನಾಗಿ ಬಾಳಮ್ಮ ಅಂದ್ರು."

ಇಂಗ್ಲಿಷು ತಿಳಿದ ಸೆಲ್ವ ಯಾಕೋ ಜೋರಾಗಿ ಕೆಮ್ಮಿದ.

ಅಷ್ಟರಲ್ಲಿ ನೋರಾ ಫೋನಿನತ್ತ ಬಾಗಿದಳು. ನಮ್ಮಲ್ಲಾದರೆ ತಮ್ಮನ ಹೆಣ ಮನೆಯಲ್ಲಿರುವ ಹೆಂಗಸನ್ನು ಮದುವಣಗಿತ್ತಿಯ ಕಣ್ಣಿಗೂ ಬೀಳಗೊಡುತ್ತಿರಲಿಲ್ಲ. ತಡೆಯಬೇಕು ಅನಿಸಿತು. ಆದರೆ ಕಾವ್ಯಳ ತಲೆತುಂಬಾ ಇದ್ದ ಮಲ್ಲಿಗೆ ನೋಡಿ ಆ ಮುದುಕಿಯ ಮುಖದಲ್ಲಿ ಮೊದಲ ಸಲ ನಗು ಬಂತು. ಅತ್ತು ಅತ್ತು ಒಣಗಿದ್ದ ಮುಖವದು. ನನ್ನ ಕೈ ಮುಂದೆ ಹೋಗಲಿಲ್ಲ. "ಎಷ್ಟು ಚೆಂದ ಇದ್ದೀಯ ಮಗಳೇ, ದೇವರು ಒಳ್ಳೇದು ಮಾಡಲಿ" ಅಂದಳು ನೋರಾ. ಇದನ್ನು ನಾನು ಒಂದಕ್ಷರ ಬದಲಾಯಿಸದೆ ಕನ್ನಡದಲ್ಲಿ ಹೇಳಿದೆ.

"ಈ ಅಜ್ಜಿ?" ಅಂದರು ಪಿಳ್ಳಪ್ಪಣ್ಣ.

"ಈ ಮನೆಗೆ ಹಿರಿಯರು."

ಪಿಳ್ಳಪ್ಪಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ನೋರಾಳಿಗೆ ಕೈ ಮುಗಿದರು. ಆಮೇಲೆ ಅದೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ನನ್ ಕೋಪ ಹೋಯ್ತು ತಾಯಿ" ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಗಳಗಳ ಅತ್ತೆ. ಸಾಲಿನಲ್ಲಿದ್ದವರಿಗೆ ಮಾತ್ರ ಅದು ತೀರ ಸಹಜವಾಗಿ ಕಂಡಿತು.

ಮತ್ತೆ ಟಿನ್ ಫ್ಯಾಕ್ಟರಿ

ವಿಮಾನ ನಿಲ್ದಾಣದಿಂದ ಬರುವಾಗ ಟಿನ್ ಫ್ಯಾಕ್ಟರಿಯಲ್ಲಿ ನಮ್ಮ ಕಾರು ಯಥಾಪ್ರಕಾರ ನಿಂತಿತು. ತಲೆ ಎತ್ತಿ ನೋಡಿದರೆ ನಾನೇ. ಬಸ್ ಸ್ಟಾಪಿನ ಮೇಲೆ ಹೊಸ ಫ್ಲೆಕ್ಸು: 'ಸಪ್ತಸಾಗರದಾಚೆಯೂ ಜನಮನ ಗೆದ್ದ ನಮ್ಮ ಹುಡುಗಿಗೆ ಸ್ವಾಗತ.' ಎಲ್‌ಇಡಿ ಪರದೆಯ ಚಿತ್ರ. ನಾನು, ಸೂಟಿನವರ ಸಾಲು, ಹೂವು. ಕೆಳಗೆ ದುಂಡು ಚೌಕಟ್ಟಿನಲ್ಲಿ ಪಿಳ್ಳಪ್ಪಣ್ಣ, ಪಕ್ಕದಲ್ಲಿ ನವದಂಪತಿ. ನವದಂಪತಿಯ ತಲೆಯ ಸ್ವಲ್ಪ ಮೇಲೆ, ಜಿನ್ಸಿ ಎಷ್ಟು ಓರೆಯಾಗಿ ಹಿಡಿದರೂ ತಪ್ಪಿಸಲಾಗದೆ ಬಂದುಬಿಟ್ಟ, ಹಿತ್ತಾಳೆ ಹಿಡಿಯ ಶವಪೆಟ್ಟಿಗೆಯ ಅರ್ಧ.

"ಯಾರ್ಗೂ ಗೊತ್ತಾಗಲ್ಲ ಅಕ್ಕ, ಸುಮ್ನಿರಿ" ಅಂದ ಸೆಲ್ವ.

ಸಿಗ್ನಲ್ ಬಿಡುವ ತನಕ ಅದನ್ನೇ ನೋಡುತ್ತಾ ಕೂತೆ. ಸುಮ್ಮನಿರಬಹುದಿತ್ತು. ಆದರೆ ನಾಳೆ ಆ ಹುಡುಗಿಗೆ ಸಣ್ಣ ಜ್ವರ ಬಂದರೂ ನನಗೆ ನಿದ್ದೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಮತ್ತೆ 'ನಮ್ಮ ಹುಡುಗಿ' ಎಂದವರನ್ನು ಯಾಮಾರಿಸಿ ಆ ಹೆಸರು ಇಟ್ಟುಕೊಳ್ಳುವುದು ಬೇಡವಾಗಿತ್ತು. ಮನೆಗೆ ಹೋಗದೆ ನೇರ ಪಿಳ್ಳಪ್ಪಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ.

ಅವರು ಫೋನಿನಲ್ಲಿ ಚಿತ್ರ ತೆಗೆದು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಇದು ಹೆಣದ ಪೆಟ್ಟಿಗೆನಾ? ನಾನು ಹಾರ್ಮೋನಿಯಂ ಅನ್ಕೊಂಡಿದ್ದೆ."

ಪೆಟ್ಟಿಗೆಯೇ ಎಂದು ತಲೆಯಾಡಿಸಿದೆ.

"ಸತ್ತೋರು ನಿಮಗೆ ಗೊತ್ತಿದ್ದೋರಾ?"

"ಇಲ್ಲ ಅಣ್ಣ."

"ಗುರುತಿಲ್ದೋರ ಸಾವಿಗೆ ಹೋದ್ರಿ. ನಮ್ಮನೆ ಮದ್ವೆಗೆ ಬರ್ಲಿಲ್ಲ."

ಒಳಗೆ ಅಡುಗೆಮನೆಯ ಪಾತ್ರೆ ಸದ್ದು ನಿಂತಿತು. ಅಜ್ಜಿಯಿಂದ ಕೇಳಿದ್ದನ್ನು ಹೇಳಿದೆ.

"ಅವ್ರಿಗೆ ಮದುವೆ ಆಗಿರ್ಲಿಲ್ವಂತೆ ಅಣ್ಣ, ಕುರಿ ಸಾಕ್ಕೊಂಡು ಒಬ್ರೇ ಇದ್ರಂತೆ. ಆದ್ರೆ ಸುತ್ತಮುತ್ತ ಯಾರ ಮದುವೆನೂ ಬಿಡ್ತಿರ್ಲಿಲ್ವಂತೆ. ಕರೆದ್ರೂ ಹೋಗೋರು, ಕರೀದಿದ್ರೂ ಹೋಗೋರು. ನೀವು ಫೋನ್ ಇಟ್ಮೇಲೆ ಆ ಅಜ್ಜಿ ಹೇಳಿದ್ಳು."

ಪಿಳ್ಳಪ್ಪಣ್ಣ ಮತ್ತೆ ಚಿತ್ರ ನೋಡಿದರು. ಆಮೇಲೆ ಫೋನು ಪಕ್ಕಕ್ಕಿಟ್ಟು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹಂಗಾದ್ರೆ ನಮ್ಮನೇದಕ್ಕೂ ಬಂದವ್ನೆ ಬಿಡಿ" ಅಂದರು. ಒಳಗೆ ತಿರುಗಿ ಎಲೆ ಹಾಕುವಂತೆ ಹೆಂಡತಿಗೆ ಕೂಗಿ ಹೇಳಿ, ನನ್ನ ಕಡೆ ನೋಡಿದರು.

"ಪಾಪ, ಅವ್ನು ಊಟ ಮಾಡ್ದೆ ಹೋದ. ನೀವಾದ್ರೂ ಉಂಡ್ಕೊಂಡ್ ಹೋಗಿ ತಾಯಿ."